ಒಳಗೆ ಹೋಗದೆ ಒಳಗಿನ ಅಳತೆ: ಸುತ್ತಳತೆಯಿಂದ ತ್ರಿಜ್ಯ ಕಂಡುಹಿಡಿಯೋದು

ಇವತ್ತಿನ ಎಪಿಸೋಡ್‌ನಲ್ಲಿ ಒಂದೇ ಒಂದು ಭಾಗಾಕಾರ ಇದೆ. ಅದನ್ನ ಏಳನೇ ಕ್ಲಾಸಿನ ಹುಡುಗನೂ ಮಾಡಬಲ್ಲ. ಆದ್ರೆ ಅದೇ ಭಾಗಾಕಾರ ಗೊತ್ತಿಲ್ಲದಿದ್ರೆ ಬಳೆ ಕೈಗೆ ಏರಲ್ಲ, ಬಟ್ಟೆ ಹಾಳಾಗತ್ತೆ, ಮರ ಮಾರೋವಾಗ ಕೈಗೆ ಬರಬೇಕಾದ ದುಡ್ಡು ಬರೋದೇ ಇಲ್ಲ. ಗಣಿತ ಅಂತ ಕೇಳಿದ ತಕ್ಷಣ ಸ್ಕಿಪ್ ಮಾಡ್ಬೇಡಿ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಕೊನೆಗೆ ವಿಷಯ ದುಡ್ಡಿಗೇ ಬಂದು ನಿಲ್ಲತ್ತೆ.

ಮೊದಲು ಕ್ರಿಕೆಟ್. ಕ್ರಿಕೆಟ್‌ನ ನಿಯಮಗಳಲ್ಲಿ ಚೆಂಡು ಎಷ್ಟು ದೊಡ್ಡದಿರಬೇಕು ಅಂತ ಹೇಳಿದೆ. ಪುರುಷರ ಕ್ರಿಕೆಟ್‌ನ ಹೊಸ ಚೆಂಡಿನ ಸುತ್ತಳತೆ 22.4 ಸೆಂಟಿಮೀಟರ್‌ಗಿಂತ ಕಡಿಮೆ ಇರಬಾರದು, 22.9ಕ್ಕಿಂತ ಜಾಸ್ತಿ ಇರಬಾರದು. ಗಮನಿಸಿ, ಅಲ್ಲಿ ತ್ರಿಜ್ಯದ ಮಾತಿಲ್ಲ, ವ್ಯಾಸದ ಮಾತೂ ಇಲ್ಲ. ಸುತ್ತಳತೆ ಮಾತ್ರ. ಫುಟ್‌ಬಾಲ್ ತಗೊಳ್ಳಿ, ಅಲ್ಲೂ ಹಾಗೇ: ಸುತ್ತಳತೆ 68ರಿಂದ 70 ಸೆಂಟಿಮೀಟರ್.

ಯಾಕೆ ಹೀಗೆ ಅಂತ ಯೋಚನೆ ಮಾಡಿದ್ರೆ ಕಾರಣ ಸುಲಭ. ಚೆಂಡಿನ ತ್ರಿಜ್ಯ ಅಂದ್ರೆ ಅದರ ನಟ್ಟನಡುವಿನಿಂದ ಮೇಲ್ಮೈವರೆಗಿನ ದೂರ. ಆ ನಟ್ಟನಡುವಿಗೆ ಸ್ಕೇಲ್ ಇಡೋದು ಹೇಗೆ? ಚೆಂಡನ್ನ ಕೊಯ್ಯಬೇಕು. ಕೊಯ್ದ ಮೇಲೆ ಅದು ಚೆಂಡಾಗಿ ಉಳಿಯಲ್ಲ. ಆದ್ರೆ ಸುತ್ತ ಒಂದು ಟೇಪ್ ಹಾಯಿಸೋದಕ್ಕೆ ಏನೂ ಕೊಯ್ಯಬೇಕಾಗಿಲ್ಲ. ನಿಂತ ಮರಕ್ಕೂ ಇದೇ ಮಾತು. ನೀರು ತುಂಬಿದ ಡ್ರಮ್ಮು, ನಿಮ್ಮ ಮುಂಗೈ, ಕಡೆಗೆ ಈ ಭೂಮಿ, ಎಲ್ಲಕ್ಕೂ ಇದೇ ಮಾತು. ಹೊರಗಿಂದ ಅಳೆಯಬಹುದು, ಒಳಗೆ ಹೋಗೋಕಾಗಲ್ಲ. ಹೊರಗಿನ ಅಳತೆ ಹಿಡಿದು ಒಳಗಿನದನ್ನ ಹೇಳೋದೇ ಇವತ್ತಿನ ವಿಷಯ.

ಶಾಲೆಯಲ್ಲಿ ಕಲಿತಿದ್ದು ನೆನಪಿದ್ಯಾ? ಪರಿಧಿ ಅಂದ್ರೆ ಎರಡು ಪೈ ಆರ್. ಪರಿಧಿ ಅನ್ನೋದು ಸುತ್ತಳತೆ, ಆರ್ ಅನ್ನೋದು ತ್ರಿಜ್ಯ. ಪೈ ಸುಮಾರು 3.14, ಅದರ ಎರಡರಷ್ಟು 6.28. ಅಂದ್ರೆ ಯಾವ ವೃತ್ತ ಆದ್ರೂ ಸರಿ, ಅದರ ಸುತ್ತಳತೆ ತ್ರಿಜ್ಯದ 6.28 ಪಟ್ಟು ಇರತ್ತೆ. ಹಾಗಾದ್ರೆ ಉಲ್ಟಾ ಹೋಗೋದು ಹೇಗೆ? ಸುತ್ತಳತೆಯನ್ನ 6.28ರಿಂದ ಭಾಗಿಸಿ, ತ್ರಿಜ್ಯ ಸಿಗತ್ತೆ. ಮುಗೀತು. ವ್ಯಾಸ ಬೇಕಿದ್ರೆ 3.14ರಿಂದ ಭಾಗಿಸಿ.

ಕ್ರಿಕೆಟ್ ಚೆಂಡಿಗೆ ಹಾಕಿ ನೋಡೋಣ. 22.4 ಭಾಗಿಸು 6.28 ಅಂದ್ರೆ ಸುಮಾರು 3.57. 22.9ಕ್ಕೆ ಸುಮಾರು 3.65. ಸುತ್ತಳತೆಯಲ್ಲಿ ಅರ್ಧ ಸೆಂಟಿಮೀಟರ್ ಸಡಿಲ ಕೊಟ್ಟಿದ್ದಾರೆ. ತ್ರಿಜ್ಯದಲ್ಲಿ ಅದು ಬರೀ 0.8 ಮಿಲಿಮೀಟರ್. ಅದಕ್ಕೇ ಅಂಪೈರ್‌ಗಳು ಚೆಂಡು ಆಕಾರ ಕಳ್ಕೊಂಡಿದ್ಯಾ ಅಂತ ನೋಡೋಕೆ ಲೋಹದ ಬಳೆಯಂಥ ಗೇಜ್ ಇಟ್ಕೊಂಡಿರ್ತಾರೆ. ಅಷ್ಟು ಸಣ್ಣ ವ್ಯತ್ಯಾಸವನ್ನ ಕಣ್ಣಳತೆಯಲ್ಲಿ ಹೇಳೋಕಾಗಲ್ಲ.

ಈಗ ಒಂದು ಪ್ರಶ್ನೆ ಬರಬೇಕು. ಈ 6.28 ಎಲ್ಲಿಂದ ಬಂತು? ಸುಮ್ನೆ ಬಾಯಿಪಾಠ ಮಾಡೋದು ಬೇಡ, ಕಣ್ಣಾರೆ ನೋಡಬಹುದು. ಮನೇಲಿ ಹಳೇ ಕಂಪಾಸ್ ಬಾಕ್ಸ್ ಇದ್ರೆ ಕೈವಾರ ತಗೊಳ್ಳಿ. ಒಂದು ವೃತ್ತ ಎಳೀರಿ. ಕೈವಾರದ ಬಾಯಿ ಎಷ್ಟು ತೆರೆದಿದೆಯೋ ಅಷ್ಟೇ ಇರಲಿ, ಬದಲಾಯಿಸಬೇಡಿ. ಅಷ್ಟೂ ಅಗಲ ಅಂದ್ರೆ ತ್ರಿಜ್ಯ. ಈಗ ಅದೇ ಅಗಲ ಇಟ್ಕೊಂಡು ವೃತ್ತದ ಗೆರೆಯ ಮೇಲೆ ಹೆಜ್ಜೆ ಹಾಕ್ತಾ ಹೋಗಿ. ಒಂದು, ಎರಡು, ಮೂರು... ಸರಿಯಾಗಿ ಆರು ಹೆಜ್ಜೆಗೆ ಹೊರಟ ಜಾಗಕ್ಕೇ ಬಂದು ನಿಲ್ತೀರಿ. ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

ಆದ್ರೆ ನೀವು ಹಾಕಿದ್ದು ನೇರ ಹೆಜ್ಜೆ. ವೃತ್ತದ ಗೆರೆ ನೇರ ಇಲ್ಲ, ಹೊರಕ್ಕೆ ಬಾಗಿದೆ. ಬಾಗಿದ ದಾರಿ ನೇರ ದಾರಿಗಿಂತ ಸ್ವಲ್ಪ ಉದ್ದ ಇರಲೇಬೇಕು. ಆರೂ ಬಾಗುಗಳ ಹೆಚ್ಚುವರಿ ಸೇರಿಸಿದ್ರೆ 0.28 ಬರತ್ತೆ. ಹಾಗಾಗಿ ಆರು ಮತ್ತು ಸ್ವಲ್ಪ. ಆ 'ಸ್ವಲ್ಪ'ವನ್ನ ಸರಿಯಾಗಿ ಹಿಡಿಯೋಕೆ ಮನುಷ್ಯ ಸಾವಿರಾರು ವರ್ಷ ಒದ್ದಾಡಿದ್ದಾನೆ.

ನಮ್ಮ ನೆಲದಲ್ಲೇ ಇದರ ಕಥೆ ಇದೆ. 499ರಲ್ಲಿ ಆರ್ಯಭಟ ಹೇಳಿದ್ದು: ವ್ಯಾಸ 20,000 ಇದ್ರೆ ಪರಿಧಿ 62,832. ಭಾಗಿಸಿದ್ರೆ 3.1416. ಅದರಲ್ಲಿ ನಂಗೆ ತುಂಬ ಇಷ್ಟ ಆಗಿದ್ದು ಏನಂದ್ರೆ, ಆತ ಅದನ್ನ 'ಆಸನ್ನ' ಅಂತ ಕರೆದ. ಅಂದ್ರೆ ಹತ್ತಿರದ ಬೆಲೆ, ಪೂರ್ತಿ ನಿಖರ ಅಲ್ಲ ಅಂತ ತಾನೇ ಹೇಳಿದ.

ಆಮೇಲೆ 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ಅಂತ ಗಣಿತಜ್ಞ ಇದ್ದರು. ಅವರ ಪುಸ್ತಕ 'ಗಣಿತಸಾರಸಂಗ್ರಹ', ಸಂಸ್ಕೃತದಲ್ಲಿದೆ. ಅವರು ಎರಡು ಲೆಕ್ಕ ಕೊಡ್ತಾರೆ. ಒಂದು ಸ್ಥೂಲ ಲೆಕ್ಕ, ಅಲ್ಲಿ ಪೈ ಬದಲು 3. ಇನ್ನೊಂದು ಸೂಕ್ಷ್ಮ ಲೆಕ್ಕ, ಅಲ್ಲಿ ಹತ್ತರ ವರ್ಗಮೂಲ, ಅಂದ್ರೆ ಸುಮಾರು 3.162. ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲೂ ಎರಡು ಲೆಕ್ಕ ಇವೆ: ಸೂಕ್ಷ್ಮಕ್ಕೆ 3927 ಭಾಗಿಸು 1250, ಸ್ಥೂಲಕ್ಕೆ ನಮಗೆಲ್ಲ ಗೊತ್ತಿರೋ 22 ಭಾಗಿಸು 7. ಇನ್ನು 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ. ಪುಸ್ತಕದ ಹೆಸರೇ 'ವ್ಯವಹಾರಗಣಿತ'. ಕಾಮರ್ಸ್ ಓದಿದವರಿಗೆ ಹೆಮ್ಮೆ ಆಗಬೇಕಾದ ಹೆಸರು.

ಸರಿ, ಇಷ್ಟೆಲ್ಲ ಪೈಗಳಲ್ಲಿ ನಾವು ಯಾವುದನ್ನ ಬಳಸಬೇಕು? ಎಲ್ಲವನ್ನೂ ಒಂದೇ ಮರಕ್ಕೆ ಹಾಕಿ ನೋಡೋಣ. ಸುತ್ತಳತೆ 120 ಸೆಂಟಿಮೀಟರ್ ಇರೋ ಮರ ಅಂತಿಟ್ಕೊಳ್ಳಿ. ಪೈ ಅಂದ್ರೆ 3 ಅಂತ ತಗೊಂಡ್ರೆ ತ್ರಿಜ್ಯ 20 ಸೆಂಟಿಮೀಟರ್. ಹತ್ತರ ವರ್ಗಮೂಲ ತಗೊಂಡ್ರೆ 18.97. ಇಪ್ಪತ್ತೆರಡು ಏಳರಲ್ಲಿ 19.09. ಆರ್ಯಭಟನ ಲೆಕ್ಕದಲ್ಲಿ 19.10. ನಿಮ್ಮ ಫೋನಿನ ಕ್ಯಾಲ್ಕುಲೇಟರ್ ಹೇಳೋದೂ 19.10. ಅಂದ್ರೆ 3 ಬಳಸಿದ್ರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ತಪ್ಪು. ಇಪ್ಪತ್ತೆರಡು ಏಳರಲ್ಲಿ ತಪ್ಪು 0.1 ಮಿಲಿಮೀಟರ್‌ಗಿಂತ ಕಡಿಮೆ. ಮರ ಅಳೆಯೋ ಟೇಪಿನಲ್ಲಿ ಅದು ಕಾಣಿಸೋದೇ ಇಲ್ಲ.

ಹಾಗಾಗಿ ಬಾಯಿಲೆಕ್ಕಕ್ಕೆ ಒಂದು ಸೂತ್ರ ಇಟ್ಕೊಳ್ಳಿ: ಸುತ್ತಳತೆಯನ್ನ 7ರಿಂದ ಗುಣಿಸಿ, 44ರಿಂದ ಭಾಗಿಸಿ. ಅಷ್ಟೇ. ಮನೆ, ಅಂಗಡಿ, ತೋಟ ಎಲ್ಲಕ್ಕೂ ಸಾಕು.

ಈಗ ಬಳೆಗೆ ಬರೋಣ. ಆನ್‌ಲೈನ್‌ನಲ್ಲಿ ಬಳೆ ತರಿಸೋರಿಗೆ ಇದು ದೊಡ್ಡ ತಲೆನೋವು. ಟೂ ಫೋರ್, ಟೂ ಸಿಕ್ಸ್, ಟೂ ಎಯ್ಟ್, ಟೂ ಟೆನ್ ಅಂತ ಸೈಜ್ ಇರತ್ತೆ. 2.4, 2.6, 2.8, 2.10 ಅಂತ ಬರೀತಾರೆ. ನೋಡಿದ್ರೆ ದಶಮಾಂಶ ಅನ್ಸತ್ತೆ. 2.10 ಅಂದ್ರೆ 2.1 ತಾನೇ, ಎಲ್ಲಕ್ಕಿಂತ ಚಿಕ್ಕದು ಇರಬೇಕು ಅಂತ ಅಂದ್ಕೊಂಡ್ರೆ ಕೆಟ್ಟಿರಿ. ಅದು ಈ ನಾಲ್ಕರಲ್ಲಿ ಎಲ್ಲಕ್ಕಿಂತ ದೊಡ್ಡದು. ಯಾಕಂದ್ರೆ ಆ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ. ಚುಕ್ಕಿ ಆದ್ಮೇಲೆ ಇರೋದು ಇಂಚಿನ ಹದಿನಾರನೇ ಭಾಗಗಳು. 2.4 ಅಂದ್ರೆ ಎರಡು ಇಂಚು ಮತ್ತು ಹದಿನಾರರಲ್ಲಿ ನಾಲ್ಕು, ಅಂದ್ರೆ ಎರಡೂಕಾಲು ಇಂಚು. 2.8 ಅಂದ್ರೆ ಎರಡೂವರೆ ಇಂಚು. 2.10 ಅಂದ್ರೆ ಎರಡು ಇಂಚು, ಹದಿನಾರರಲ್ಲಿ ಹತ್ತು. ಇದು ಬಳೆಯ ಒಳಗಿನ ವ್ಯಾಸ.

ಆದ್ರೆ ನಿಮ್ಮ ಕೈಗೆ ವ್ಯಾಸ ಎಲ್ಲಿದೆ? ಕೈಗೆ ಇರೋದು ಸುತ್ತಳತೆ. ಹೆಬ್ಬೆರಳನ್ನ ಅಂಗೈ ಒಳಗೆ ಕಿರುಬೆರಳಿನ ಕಡೆಗೆ ಮಡಚಿ, ಬಳೆ ಹಾಕ್ಕೊಳ್ಳೋವಾಗ ಮಾಡ್ತೀರಲ್ಲ ಹಾಗೆ. ಬೆರಳಿನ ಗೆಣ್ಣುಗಳ ಹತ್ತಿರ ಅತಿ ಅಗಲ ಇರೋ ಜಾಗದಲ್ಲಿ ಟೇಪ್ ಸುತ್ತಿ. ಟೇಪ್ ಇಲ್ವಾ? ಒಂದು ದಾರ ಸುತ್ತಿ, ಆಮೇಲೆ ಸ್ಕೇಲ್ ಮೇಲೆ ಇಟ್ಟು ನೋಡಿ. ಬಂದದ್ದನ್ನ 3.14ರಿಂದ ಭಾಗಿಸಿದ್ರೆ ವ್ಯಾಸ.

ಇದರಲ್ಲಿ ಒಂದು ಮಜಾ ಇದೆ. ಒಂದು ಸೈಜಿಗೂ ಮುಂದಿನ ಸೈಜಿಗೂ ವ್ಯಾಸದಲ್ಲಿ ಇರೋ ವ್ಯತ್ಯಾಸ ಹದಿನಾರರಲ್ಲಿ ಎರಡು, ಅಂದ್ರೆ ಅರೆಕಾಲು ಇಂಚು. ಅದು 3.175 ಮಿಲಿಮೀಟರ್. ಅದನ್ನ ಪೈಯಿಂದ ಗುಣಿಸಿ: 9.97 ಮಿಲಿಮೀಟರ್. ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್! ಅಂದ್ರೆ ಕೈಯ ಸುತ್ತಳತೆ ಒಂದು ಸೆಂಟಿಮೀಟರ್ ಹೆಚ್ಚಾದ್ರೆ ಬಳೆ ಒಂದು ಸೈಜ್ ಹೆಚ್ಚು. ಲೆಕ್ಕ ಹಾಕಿದ್ರೆ 18 ಸೆಂಟಿಮೀಟರ್‌ಗೆ 2.4, 19ಕ್ಕೆ 2.6, 20ಕ್ಕೆ 2.8, 21ಕ್ಕೆ 2.10. ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳ್ಳಿ, ಅಕ್ಕತಂಗಿಯರಿಗೆ ಕಳ್ಸಿ. ಗಾಜಿನ ಬಳೆ ಆದ್ರೆ ಅಳತೆ ನಡುವೆ ಬಂದಾಗ ದೊಡ್ಡ ಸೈಜನ್ನೇ ತಗೊಳ್ಳಿ. ಗಾಜು ಹಿಗ್ಗಲ್ಲ, ಒಡೆಯತ್ತೆ.

ಇನ್ನು ಬಟ್ಟೆ. ಅಂಬ್ರೆಲ್ಲಾ ಲಂಗ ಗೊತ್ತಲ್ಲ, ಪೂರ್ತಿ ವೃತ್ತಾಕಾರದಲ್ಲಿ ಕತ್ತರಿಸಿ ಹೊಲಿಯೋದು. ಯೂಟ್ಯೂಬ್ ನೋಡ್ಕೊಂಡು ಮನೇಲೇ ಹೊಲಿಯೋರು ಈಗ ಜಾಸ್ತಿ ಆಗಿದ್ದಾರೆ. ಬಟ್ಟೆಯನ್ನ ನಾಲ್ಕು ಮಡಿಕೆ ಮಾಡಿ, ಮಡಿಕೆಯ ಮೂಲೆಯಿಂದ ಅಳೆದು ಒಂದು ಕಮಾನು ಎಳೆದು ಕತ್ತರಿಸ್ತಾರೆ. ಬಿಚ್ಚಿದಾಗ ಮಧ್ಯೆ ಒಂದು ದುಂಡು ತೂತು. ಅದೇ ಸೊಂಟ. ಟೇಪಲ್ಲಿ ಅಳೆದಿದ್ದು ಸೊಂಟದ ಸುತ್ತಳತೆ, ಬಟ್ಟೆ ಮೇಲೆ ಇಡಬೇಕಾದ್ದು ತ್ರಿಜ್ಯ. ಇಲ್ಲೂ ಅದೇ ಭಾಗಾಕಾರ.

ಸೊಂಟ 28 ಇಂಚು ಅಂದ್ಕೊಳ್ಳಿ. ಏಳರಿಂದ ಗುಣಿಸಿದ್ರೆ 196, ನಲವತ್ನಾಲ್ಕರಿಂದ ಭಾಗಿಸಿದ್ರೆ 4.45. ಅಂದ್ರೆ ಮೂಲೆಯಿಂದ ನಾಲ್ಕೂವರೆ ಇಂಚಿಗಿಂತ ಒಂದಿಷ್ಟು ಕಡಿಮೆ. ಈಗ ಯಾರಾದ್ರೂ 'ಅರ್ಧ ಇಂಚು ತಾನೇ, ಐದು ಇಂಚೇ ಇರಲಿ' ಅಂತ ಕತ್ತರಿಸಿದ್ರು ಅಂತಿಟ್ಕೊಳ್ಳಿ. ಐದು ಇಂಚಿಗೆ ತೂತಿನ ಸುತ್ತಳತೆ 31.4 ಇಂಚು ಆಗತ್ತೆ. ಮೂರೂ ಚಿಲ್ಲರೆ ಇಂಚು ಸಡಿಲ. ಲಂಗ ಸೊಂಟದಲ್ಲಿ ನಿಲ್ಲಲ್ಲ. ಕತ್ತರಿ ಆಡಿದ ಮೇಲೆ ಬಟ್ಟೆ ವಾಪಸ್ ಬರಲ್ಲ. ಅದಕ್ಕೇ ಅನುಭವ ಇರೋ ಟೈಲರ್‌ಗಳು ಮೊದಲು ಸ್ವಲ್ಪ ಚಿಕ್ಕದಾಗೇ ಕತ್ತರಿಸಿ, ಅಳತೆ ನೋಡಿ, ಆಮೇಲೆ ಸರಿಮಾಡ್ತಾರೆ. ಹೊಲಿಗೆಗೆ ಮಡಚೋ ಬಟ್ಟೆಯನ್ನೂ ತ್ರಿಜ್ಯದಲ್ಲೇ ಕಳೆದಿರ್ತಾರೆ.

ಇಲ್ಲಿ ಒಂದು ನಿಯಮ ಕಾಣ್ತಿದೆ. ಹೊರಗಿಂದ ಒಳಗೆ ಬರೋವಾಗ ತಪ್ಪು ಆರನೇ ಒಂದು ಭಾಗಕ್ಕೆ ಇಳಿಯತ್ತೆ. ಒಳಗಿಂದ ಹೊರಗೆ ಹೋಗೋವಾಗ ತಪ್ಪು ಆರು ಪಟ್ಟು ಬೆಳೆಯತ್ತೆ. ಟೇಪಲ್ಲಿ ಅರ್ಧ ಇಂಚು ತಪ್ಪಿದ್ರೆ ತ್ರಿಜ್ಯದಲ್ಲಿ ಅದು ಏನೂ ಅಲ್ಲ ಅನ್ನೋಷ್ಟು. ತ್ರಿಜ್ಯದಲ್ಲಿ ಅರ್ಧ ಇಂಚು ತಪ್ಪಿದ್ರೆ ಸುತ್ತಳತೆಯಲ್ಲಿ ಮೂರು ಇಂಚು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ದುಡ್ಡಿನ ವಿಷಯದಲ್ಲಿ ಬೇಕಾಗತ್ತೆ.

ಅದಕ್ಕೂ ಮುಂಚೆ ಒಂದು ಒಗಟು. ಸ್ನೇಹಿತರ ಗುಂಪಲ್ಲಿ ಕೇಳಿ ನೋಡಿ, ಜಗಳ ಗ್ಯಾರಂಟಿ. ಭೂಮಿಯ ಸಮಭಾಜಕದ ಸುತ್ತ ಒಂದು ಹಗ್ಗ ಬಿಗಿಯಾಗಿ ಕಟ್ಟಿದ್ದೀವಿ ಅಂತ ಅಂದ್ಕೊಳ್ಳಿ. ಬೆಟ್ಟಗುಡ್ಡ ಏನಿಲ್ಲ, ನುಣ್ಣಗಿನ ಚೆಂಡಿನ ಹಾಗೆ ಭೂಮಿ. ಹಗ್ಗದ ಉದ್ದ 40,075 ಕಿಲೋಮೀಟರ್. ಈಗ ಆ ಹಗ್ಗಕ್ಕೆ ಬರೀ ಒಂದು ಮೀಟರ್ ಸೇರಿಸಿ, ಎಲ್ಲ ಕಡೆ ಸಮನಾಗಿ ನೆಲದಿಂದ ಮೇಲೆತ್ತಿದ್ರೆ, ನೆಲಕ್ಕೂ ಹಗ್ಗಕ್ಕೂ ನಡುವೆ ಎಷ್ಟು ಜಾಗ ಇರತ್ತೆ? ಇರುವೆ ನುಸುಳಬಹುದಾ?

ಹೆಚ್ಚಿನವರು ಕೂದಲೆಳೆಯಷ್ಟೂ ಇರಲ್ಲ ಅಂತಾರೆ. ಸರಿಯಾದ ಉತ್ತರ ಸುಮಾರು 16 ಸೆಂಟಿಮೀಟರ್. ಬೆಕ್ಕೇ ನುಸುಳಬಹುದು. ಹೇಗೆ? ಸುತ್ತಳತೆ ಒಂದು ಮೀಟರ್ ಜಾಸ್ತಿ ಆದ್ರೆ ತ್ರಿಜ್ಯ ಒಂದು ಭಾಗಿಸು 6.28 ಮೀಟರ್ ಜಾಸ್ತಿ ಆಗತ್ತೆ. ಅದು 15.9 ಸೆಂಟಿಮೀಟರ್. ಈ ಲೆಕ್ಕದಲ್ಲಿ ಭೂಮಿಯ ಗಾತ್ರ ಎಲ್ಲೂ ಬರಲೇ ಇಲ್ಲ, ನೋಡಿದ್ರಾ? ಕ್ರಿಕೆಟ್ ಚೆಂಡಿನ ಸುತ್ತ ದಾರ ಕಟ್ಟಿ ಒಂದು ಮೀಟರ್ ಸೇರಿಸಿದ್ರೂ ಅದೇ 15.9 ಸೆಂಟಿಮೀಟರ್.

ಭೂಮಿ ಅಂದ್ಮೇಲೆ ಇನ್ನೊಂದು ಮಾತು. ಭೂಮಿಯ ನಡುವಿಗೆ ಯಾರೂ ಹೋಗಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯ ಆಳ ಸುಮಾರು 3.2 ಕಿಲೋಮೀಟರ್. ರಷ್ಯಾದ ಕೋಲಾದಲ್ಲಿ ಕೊರೆದ ರಂಧ್ರ 12 ಕಿಲೋಮೀಟರ್ ದಾಟಿತು, ಅಷ್ಟಕ್ಕೇ ನಿಂತಿತು. ಆದ್ರೂ ಭೂಮಿಯ ತ್ರಿಜ್ಯ ಸುಮಾರು 6,378 ಕಿಲೋಮೀಟರ್ ಅಂತ ಹೇಗೆ ಹೇಳ್ತೀವಿ? ಇದರ ದಾರಿ ತುಂಬ ಹಳೇದು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಎರಟೋಸ್ತನೀಸ್, ಒಂದೇ ದಿನ ಮಧ್ಯಾಹ್ನ ಎರಡು ಊರುಗಳಲ್ಲಿ ಸೂರ್ಯನ ಎತ್ತರದಲ್ಲಿರೋ ವ್ಯತ್ಯಾಸ ನೋಡಿ, ಅದು ಪೂರ್ತಿ ಸುತ್ತಿನ ಐವತ್ತನೇ ಒಂದು ಭಾಗ ಅಂತ ಲೆಕ್ಕ ಹಾಕಿದ. ಎರಡು ಊರಿನ ನಡುವಿನ ದೂರವನ್ನ ಐವತ್ತರಿಂದ ಗುಣಿಸಿದ, ಭೂಮಿಯ ಸುತ್ತಳತೆ ಸಿಕ್ತು. ಸುತ್ತಳತೆ ಸಿಕ್ಕಮೇಲೆ ತ್ರಿಜ್ಯಕ್ಕೆ ಗುದ್ದಲಿ ಬೇಕಾಗಿಲ್ಲ, ಭಾಗಾಕಾರ ಸಾಕು.

ಅಂದಹಾಗೆ, 40,075ನ್ನ ನಮ್ಮ ಏಳು ನಲವತ್ನಾಲ್ಕು ಸೂತ್ರಕ್ಕೆ ಹಾಕಿದ್ರೆ 6,375.6 ಬರತ್ತೆ. ತಪ್ಪು ಸುಮಾರು ಎರಡೂವರೆ ಕಿಲೋಮೀಟರ್. ಕೋಲಾರದ ಗಣಿಯ ಆಳಕ್ಕಿಂತಲೂ ಕಡಿಮೆ. ಭೂಮಿಗೇ ಇಷ್ಟು ಸರಿ ಬರೋ ಸೂತ್ರ ಬಳೆಗೆ, ಲಂಗಕ್ಕೆ ಧಾರಾಳವಾಗಿ ಸಾಕು.

ಈಗ ದುಡ್ಡು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಇರತ್ತೆ, ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸೋಕೆ. ಬಯಲುಸೀಮೆಯಲ್ಲಿ ಹೊಲದ ಬದುವಿನಲ್ಲಿ ತೇಗ, ಹೆಬ್ಬೇವು ಹಾಕಿರ್ತಾರೆ. ಹತ್ತಿಪ್ಪತ್ತು ವರ್ಷ ಬೆಳೆಸಿ, ಮದುವೆಗೋ, ಓದಿಗೋ, ಮನೆ ಕಟ್ಟೋಕೋ ಮಾರ್ತಾರೆ. ನಮ್ಮ ಕೇಳುಗರಲ್ಲಿ ಎಷ್ಟೋ ಜನರ ಕಾಲೇಜ್ ಫೀಸು ಅಂಥ ಮರದಿಂದಲೇ ಬಂದಿರಬಹುದು. ಮಾರೋ ದಿನ ವ್ಯಾಪಾರಿ ಟೇಪ್ ತಂದು ದಿಮ್ಮಿಯ ಮಧ್ಯಕ್ಕೆ ಸುತ್ತಿ, ಉದ್ದ ನೋಡಿ, ಫಟಾಫಟ್ ಅಂತ ಇಷ್ಟು ಅಡಿ ಅಂತ ಹೇಳ್ತಾರೆ. ಅಡಿ ಅಂದ್ರೆ ಇಲ್ಲಿ ಘನ ಅಡಿ, ಸಿಎಫ್‌ಟಿ. ಆ ಲೆಕ್ಕ ಹೇಗೆ ಬಂತು ಅಂತ ಮಾರೋರಿಗೆ ಗೊತ್ತಿರಬೇಕು.

ಅದೇ 120 ಸೆಂಟಿಮೀಟರ್ ಸುತ್ತಳತೆಯ ದಿಮ್ಮಿ ತಗೊಳ್ಳೋಣ. ಉದ್ದ 3 ಮೀಟರ್. ತ್ರಿಜ್ಯ 19.1 ಸೆಂಟಿಮೀಟರ್ ಅಂತ ಆಗಲೇ ನೋಡಿದ್ವಿ. ಅಡ್ಡಕೊಯ್ತದ ವಿಸ್ತೀರ್ಣ ಪೈ ಆರ್ ಸ್ಕ್ವೇರ್, 1,146 ಚದರ ಸೆಂಟಿಮೀಟರ್. ಉದ್ದದಿಂದ ಗುಣಿಸಿದ್ರೆ ಒಟ್ಟು 0.344 ಘನ ಮೀಟರ್. ಅಂದ್ರೆ 12.14 ಘನ ಅಡಿ. ಇದು ದಿಮ್ಮಿಯಲ್ಲಿ ನಿಜವಾಗಿ ಇರೋ ಮರ.

ಆದ್ರೆ ದುಂಡು ಮರದ ವ್ಯಾಪಾರದಲ್ಲಿ ಬಳಕೆಯಲ್ಲಿರೋದು ಬೇರೆ ಲೆಕ್ಕ. ಕ್ವಾರ್ಟರ್ ಗರ್ತ್ ಅಂತಾರೆ. ಸುತ್ತಳತೆಯನ್ನ ನಾಲ್ಕರಿಂದ ಭಾಗಿಸಿ, ಬಂದದ್ದನ್ನ ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸೋದು. ಪೈ ಗೊಡವೆಯೇ ಇಲ್ಲ. ಇಂಗ್ಲೆಂಡಿನ ಎಡ್ವರ್ಡ್ ಹೊಪ್ಪಸ್ ಅನ್ನೋರು 18ನೇ ಶತಮಾನದಲ್ಲಿ ಇದಕ್ಕೆ ಕೋಷ್ಟಕಗಳನ್ನ ಮಾಡಿ ಪ್ರಕಟಿಸಿದ್ರು. ಅದಕ್ಕೇ ಹೊಪ್ಪಸ್ ಲೆಕ್ಕ ಅಂತಲೂ ಹೆಸರು. ನಮ್ಮ ದಿಮ್ಮಿಗೆ ಹಾಕಿ: 120ರ ನಾಲ್ಕನೇ ಒಂದು ಭಾಗ 30. ಮೂವತ್ತು ಮೂವತ್ತಲೆ 900 ಚದರ ಸೆಂಟಿಮೀಟರ್. ಮೂರು ಮೀಟರ್‌ಗೆ 0.27 ಘನ ಮೀಟರ್. ಅಂದ್ರೆ ಸುಮಾರು 9.54 ಘನ ಅಡಿ.

ಒಂದೇ ದಿಮ್ಮಿ. ಒಂದು ಲೆಕ್ಕದಲ್ಲಿ 12.14 ಅಡಿ, ಇನ್ನೊಂದರಲ್ಲಿ 9.54. ಎರಡೂವರೆ ಅಡಿಗಿಂತ ಹೆಚ್ಚು ವ್ಯತ್ಯಾಸ. ದಿಮ್ಮಿ ದಪ್ಪ ಇರಲಿ, ತೆಳು ಇರಲಿ, ಕ್ವಾರ್ಟರ್ ಗರ್ತ್ ಯಾವಾಗಲೂ ನಿಜವಾದ ಮರದ ಶೇಕಡಾ 78.5ರಷ್ಟನ್ನೇ ತೋರಿಸತ್ತೆ.

ಹಾಗಂತ ಇದು ಮೋಸ ಅಂತ ಕೂಗಾಡಬೇಡಿ. ಇದಕ್ಕೆ ನ್ಯಾಯವಾದ ಕಾರಣ ಇದೆ. ದುಂಡು ದಿಮ್ಮಿಯನ್ನ ಸಾ ಮಿಲ್‌ನಲ್ಲಿ ಚೌಕ ಮಾಡಿದಾಗ ಸುತ್ತಲಿನ ಭಾಗ ಸಿಗೆಯಾಗಿ, ಹೊಟ್ಟಾಗಿ ಹೋಗತ್ತೆ. ನಮ್ಮ ದಿಮ್ಮಿಯಿಂದ ತೆಗೆಯಬಹುದಾದ ಅತಿ ದೊಡ್ಡ ಚೌಕದ ತೊಲೆ 27 ಸೆಂಟಿಮೀಟರ್ ಅಗಲದ್ದು. ಕ್ವಾರ್ಟರ್ ಗರ್ತ್ ಹೇಳಿದ 30 ಸೆಂಟಿಮೀಟರ್ ಚೌಕ ಆ ದಿಮ್ಮಿಯೊಳಗೆ ಹಿಡಿಸೋದೇ ಇಲ್ಲ. ಅಂದ್ರೆ ಆ ಲೆಕ್ಕ ದುಂಡಿಗೂ ಚೌಕಕ್ಕೂ ನಡುವಿನ ಒಂದು ರಾಜಿ. ಅದು ಎಲ್ಲರಿಗೂ ಗೊತ್ತಿದ್ದು, ಬೆಲೆಯೂ ಅದೇ ಲೆಕ್ಕಕ್ಕೆ ನಿಗದಿ ಆಗಿದ್ರೆ ಯಾರಿಗೂ ನಷ್ಟ ಇಲ್ಲ.

ಸಮಸ್ಯೆ ಆಗೋದು ಅಡಿ ಒಂದು ಲೆಕ್ಕದ್ದು, ರೇಟು ಇನ್ನೊಂದು ಲೆಕ್ಕದ್ದು ಆದಾಗ. ಉದಾಹರಣೆಗೆ ಮಾತ್ರ ಒಂದು ರೇಟ್ ಇಟ್ಕೊಳ್ಳೋಣ. ಒಬ್ಬ ವ್ಯಾಪಾರಿ ಅಡಿಗೆ 1,000 ರೂಪಾಯಿ ಅಂತಾನೆ, ಕ್ವಾರ್ಟರ್ ಗರ್ತ್ ಲೆಕ್ಕ. ಇನ್ನೊಬ್ಬ 850 ಅಂತಾನೆ, ಪೈ ಲೆಕ್ಕದ ನಿಜವಾದ ಅಡಿ. ಕಿವಿಗೆ ಸಾವಿರವೇ ಚೆಂದ ಕೇಳತ್ತೆ, ಅಲ್ವಾ? ಕೂಡಿಸಿ ನೋಡಿ. ಮೊದಲನೆಯವನಿಂದ ಬರೋದು 9,535 ರೂಪಾಯಿ. ಎರಡನೆಯವನಿಂದ 10,319. ಕಡಿಮೆ ರೇಟು ಹೇಳಿದವನೇ ಜಾಸ್ತಿ ದುಡ್ಡು ಕೊಡ್ತಿದ್ದಾನೆ. ಕ್ವಾರ್ಟರ್ ಗರ್ತ್‌ನ ಸಾವಿರ ರೂಪಾಯಿ ನಿಜವಾದ ಅಡಿಯ 785 ರೂಪಾಯಿಗೆ ಸಮ. ಹಾಗಾಗಿ 'ಅಡಿಗೆ ಎಷ್ಟು' ಅಂತ ಕೇಳೋಕೆ ಮುಂಚೆ 'ಯಾವ ಲೆಕ್ಕದ ಅಡಿ' ಅಂತ ಕೇಳಿ.

ಎರಡನೇ ಪ್ರಶ್ನೆ ತೊಗಟೆ. ಟೇಪ್ ಸುತ್ತಿದ್ದು ತೊಗಟೆ ಮೇಲೆ. ಕೊಳ್ಳೋರು ತೊಗಟೆಗೆ ಇಷ್ಟು ಕಳೀತೀನಿ ಅಂತಾರೆ, ಅದು ಸರೀನೇ, ತೊಗಟೆಯಿಂದ ಬಾಗಿಲು ಮಾಡೋಕಾಗಲ್ಲ. ಆದ್ರೆ ಎಷ್ಟು ಕಳೆಯಬೇಕು? ತೊಗಟೆ ಒಂದು ಸೆಂಟಿಮೀಟರ್ ದಪ್ಪ ಇದ್ರೆ ತ್ರಿಜ್ಯ ಒಂದು ಸೆಂಟಿಮೀಟರ್ ಕಡಿಮೆ, ಸುತ್ತಳತೆ 6.28 ಸೆಂಟಿಮೀಟರ್ ಕಡಿಮೆ. ನಮ್ಮ ದಿಮ್ಮಿ 120ರಿಂದ 113.7ಕ್ಕೆ ಇಳಿಯತ್ತೆ. ಮರದ ಲೆಕ್ಕ 9.54 ಅಡಿಯಿಂದ 8.56ಕ್ಕೆ ಇಳಿಯತ್ತೆ. ಒಂದು ಸೆಂಟಿಮೀಟರ್ ತೊಗಟೆಗೆ ಶೇಕಡಾ ಹತ್ತರಷ್ಟು ದುಡ್ಡು ಹೋಯ್ತು. ಯಾರಾದ್ರೂ ಸುತ್ತಳತೆಯಲ್ಲಿ ಎರಡು ಇಂಚು ಕಳೀತೀನಿ ಅಂದ್ರೆ, ತೊಗಟೆ 8 ಮಿಲಿಮೀಟರ್ ದಪ್ಪ ಇದೆ ಅಂತ ಅವರು ಹೇಳಿದ ಹಾಗೆ. ನಿಜವಾಗ್ಲೂ ಅಷ್ಟಿದ್ಯಾ? ಒಂದು ಕತ್ತಿ, ಒಂದು ಸ್ಕೇಲ್ ಸಾಕು. ಒಂದು ಚೂರು ತೊಗಟೆ ಎಬ್ಬಿಸಿ, ದಪ್ಪ ನೋಡಿ, 6.28ರಿಂದ ಗುಣಿಸಿ. ಅಷ್ಟೇ ಕಳೆಯಲಿ. ತೆಳು ತೊಗಟೆಯ ಮರಕ್ಕೆ ದಪ್ಪ ತೊಗಟೆಯ ಕಡಿತ ಯಾಕೆ?

ಮೂರನೇದು ಟೇಪ್ ಹಿಡಿಯೋ ರೀತಿ. ನಿಂತ ಮರದ ಸುತ್ತಳತೆಯನ್ನ ಅರಣ್ಯ ಇಲಾಖೆಯವರು ಎದೆ ಎತ್ತರದಲ್ಲಿ, ನೆಲದಿಂದ 1.37 ಮೀಟರ್ ಮೇಲೆ ಅಳೀತಾರೆ. ಬುಡದಲ್ಲಿ ಅಳೆದ್ರೆ ಬೇರಿನ ಉಬ್ಬು ಸೇರತ್ತೆ. ಟೇಪ್ ಓರೆ ಆದ್ರೆ ಸುತ್ತಳತೆ ಜಾಸ್ತಿ ಬರತ್ತೆ, ಯಾಕಂದ್ರೆ ಓರೆಯಾಗಿ ಸುತ್ತೋ ದಾರಿ ಉದ್ದ. ಇಲ್ಲಿ ಒಂದು ಹುಷಾರಿನ ಮಾತು: ಸುತ್ತಳತೆಯಲ್ಲಿ ಶೇಕಡಾ 2 ತಪ್ಪಾದ್ರೆ ತ್ರಿಜ್ಯದಲ್ಲೂ ಶೇಕಡಾ 2 ತಪ್ಪು, ಆದ್ರೆ ಮರದ ಗಾತ್ರದಲ್ಲಿ ಶೇಕಡಾ 4 ತಪ್ಪು. ಯಾಕಂದ್ರೆ ಗಾತ್ರಕ್ಕೆ ತ್ರಿಜ್ಯವನ್ನ ಎರಡು ಸಲ ಗುಣಿಸ್ತೀವಿ. ದಿಮ್ಮಿ ಪೂರ್ತಿ ದುಂಡಗಿಲ್ಲದೆ ಮೊಟ್ಟೆ ಆಕಾರ ಇದ್ರೆ ಪೈ ಲೆಕ್ಕ ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸತ್ತೆ. ಒಂದೇ ಉದ್ದದ ಹಗ್ಗದಲ್ಲಿ ಅತಿ ಹೆಚ್ಚು ಜಾಗ ಸುತ್ತುವರಿಯೋ ಆಕಾರ ವೃತ್ತವೇ. ಇದು ಕೊಳ್ಳೋರು ಹೇಳಬಹುದಾದ ಮಾತು. ಲೆಕ್ಕ ಎರಡೂ ಕಡೆಯವರಿಗೆ ಒಂದೇ.

ಕೊನೆಗೆ ಒಂದು ಕೆಲಸ ಕೊಡ್ತೀನಿ. ನಿಮ್ಮ ಮನೇಲಿ, ಅಜ್ಜಿ ಮನೇಲಿ, ಪರಿಚಯದವರ ತೋಟದಲ್ಲಿ ಮಾರೋ ಯೋಚನೆ ಇರೋ ಮರ ಇದ್ಯಾ? ಈ ವಾರ ಹೋಗಿ ಟೇಪ್ ಸುತ್ತಿ. ಎದೆ ಎತ್ತರದ ಸುತ್ತಳತೆ, ತಾರೀಖು, ಎರಡನ್ನೂ ಫೋನ್ ನೋಟ್ಸ್‌ನಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಅಳೀರಿ. ಸುತ್ತಳತೆ 6.28 ಸೆಂಟಿಮೀಟರ್ ಹೆಚ್ಚಾಗಿದ್ರೆ ತ್ರಿಜ್ಯ ಒಂದು ಸೆಂಟಿಮೀಟರ್ ಬೆಳೆದಿದೆ ಅಂತ ಅರ್ಥ. ಇನ್ನೂ ಬೆಳೀತಿದ್ಯಾ, ಬೆಳವಣಿಗೆ ನಿಂತಿದ್ಯಾ, ಈಗ ಮಾರಬೇಕಾ, ಎರಡು ವರ್ಷ ಕಾಯಬೇಕಾ ಅನ್ನೋದನ್ನ ಕೊಳ್ಳೋಕೆ ಬಂದವರ ಬಾಯಿಂದ ಕೇಳೋ ಬದಲು ನೀವೇ ಹೇಳಬಹುದು. ಅಪ್ಪ ಅಮ್ಮನಿಗೆ ಫೋನ್‌ನಲ್ಲಿ ಯುಪಿಐ ಕಲಿಸಿದ್ದೀರಲ್ಲ, ಹಾಗೇ ಈ ಲೆಕ್ಕಾನೂ ಕಲಿಸಿ. ಏಳರಿಂದ ಗುಣಿಸು, ನಲವತ್ನಾಲ್ಕರಿಂದ ಭಾಗಿಸು.

ಇವತ್ತಿಗೆ ಇಷ್ಟು. ನಿಮ್ಮ ಕಡೆ ಮರ ಅಳೆಯೋಕೆ ಬೇರೆ ಲೆಕ್ಕ, ಬೇರೆ ಹೆಸರು ಇದ್ರೆ ವಾಯ್ಸ್ ನೋಟ್ ಕಳ್ಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.